ಸ್ಟೀಮ್ ಟ್ರ್ಯಾಪ್ ತಪಾಸಣೆಯಲ್ಲಿ ಬದಲಾವಣೆ: ಗ್ರಾಹಕರ ಗಮನಕ್ಕೆ

ಮಾನ್ಯ ಗ್ರಾಹಕರೇ,

ಎರಡು ಪೈಪಿನ ಸ್ಟೀಮ್ ಹೀಟಿಂಗ್ ಇರುವ ಕಟ್ಟಡಗಳಿಂದ ‘ಈ ರೇಡಿಯೇಟರ್ ಕಾಯುತ್ತಿಲ್ಲ’ ಎಂದು ಕರೆ ಬಂದಾಗ, ಇಷ್ಟು ದಿನ ಆ ಒಂದರ ಟ್ರ್ಯಾಪ್ (ಆವಿಯನ್ನು ತಡೆದು ನೀರು, ಗಾಳಿಯನ್ನಷ್ಟೇ ಹೊರಬಿಡುವ ಕವಾಟ) ಬದಲಿಸಿ ಬರುತ್ತಿದ್ದೆವು. ಇನ್ನು ಮುಂದೆ ಅದೇ ರಿಟರ್ನ್ ಲೈನಿಗೆ (ನೀರು ಬಾಯ್ಲರಿನತ್ತ ಮರಳುವ ಪೈಪಿಗೆ) ಸೇರುವ ಎಲ್ಲ ಟ್ರ್ಯಾಪ್‌ಗಳನ್ನೂ ಏರ್ ವೆಂಟ್‌ಗಳನ್ನೂ ಒಟ್ಟಿಗೇ ನೋಡುತ್ತೇವೆ.

ಕಾರಣ ಇಷ್ಟೇ: ತಣ್ಣಗಿರುವ ರೇಡಿಯೇಟರಿನ ಟ್ರ್ಯಾಪ್ ಎಷ್ಟೋ ಸಲ ಸರಿಯಾಗಿಯೇ ಇರುತ್ತದೆ. ದೋಷ ಇರುವುದು ಚೆನ್ನಾಗಿ ಕಾಯುತ್ತಿರುವ ಪಕ್ಕದ ಕೋಣೆಯಲ್ಲಿ. ಅಲ್ಲಿನ ಟ್ರ್ಯಾಪ್ ಮುಚ್ಚದಿದ್ದರೆ ಆವಿ ರಿಟರ್ನ್ ಪೈಪಿಗೆ ನುಗ್ಗಿ ಒತ್ತಡ ಕಟ್ಟುತ್ತದೆ. ಉಳಿದ ರೇಡಿಯೇಟರ್‌ಗಳ ಗಾಳಿಗೆ ಹೊರಬೀಳಲು ದಾರಿಯಿಲ್ಲದಂತಾಗುತ್ತದೆ. ಗಾಳಿ ಜಾಗ ಬಿಡದೆ ಆವಿ ಒಳಗೆ ಬಾರದು. ಬಾಯ್ಲರ್ ಒತ್ತಡ ಏರಿಸುವುದು ಇದಕ್ಕೆ ಮದ್ದಲ್ಲ. ಇಂಥ ಹೀಟಿಂಗ್ ಸಾಮಾನ್ಯವಾಗಿ 2 ಪಿಎಸ್‌ಐ (ಒಂದು ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ) ಒಳಗೇ ನಡೆಯಬೇಕು; ಏರಿಸಿದಷ್ಟೂ ಸೋರುವ ಟ್ರ್ಯಾಪಿನಿಂದ ಹೆಚ್ಚು ಆವಿ ಹೋಗುತ್ತದೆ. ರೇಡಿಯೇಟರಿಗೆ ತೂತು ಕೊರೆದು ಏರ್ ವಾಲ್ವ್ ಹಾಕಿಕೊಡಿ ಎಂದರೂ ನಾವು ಒಪ್ಪುವುದಿಲ್ಲ. ಕೋಣೆ ಬೆಚ್ಚಗಾದೀತು, ಆದರೆ ಕೆಟ್ಟ ಟ್ರ್ಯಾಪ್ ಹಾಗೇ ಉಳಿಯುತ್ತದೆ.

ತಪಾಸಣೆ ಬಾಯ್ಲರ್ ಸುಮಾರು ಒಂದು ಗಂಟೆ ಓಡಿದ ಮೇಲೆ. ಪ್ರತಿ ಟ್ರ್ಯಾಪಿನ ಎರಡೂ ಬದಿಯ ಉಷ್ಣತೆ ಅಳೆಯುತ್ತೇವೆ. ಹೊಳೆಯುವ ಹಿತ್ತಾಳೆಯ ಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರ್ ಕಡಿಮೆ ತೋರಿಸುವುದರಿಂದ ಅಲ್ಲಿ ಕಪ್ಪು ಟೇಪ್ ಅಂಟಿಸಿ ಅಳೆಯುತ್ತೇವೆ. ಹೊರಬದಿಯೂ (ನೀರು ಹೊರಹೋಗುವ ಕಡೆ) 100 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇದ್ದರೆ ಅನುಮಾನ ಬರುತ್ತದೆ, ಆದರೆ ತೀರ್ಮಾನಕ್ಕೆ ಅಷ್ಟು ಸಾಲದು: ರಿಟರ್ನ್ ತುಂಬ ಆವಿ ಇದ್ದರೆ ಆರೋಗ್ಯವಾಗಿರುವ ಟ್ರ್ಯಾಪಿನ ಹೊರಬದಿಯೂ ಕಾಯುತ್ತದೆ. ಹಾಗಾಗಿ ಅಲ್ಟ್ರಾಸಾನಿಕ್ ಉಪಕರಣ ಹಿಡಿದು ಕೇಳುತ್ತೇವೆ. ನಿಲ್ಲದ ಸುಯ್ಯೆನ್ನುವ ಸದ್ದು ಬಂದರೆ ಅದು ಸೋರುತ್ತಿದೆ.

ಲೈನ್ ಆರಿದ ಮೇಲಷ್ಟೇ ಕ್ಯಾಪ್ ಬಿಚ್ಚುವುದು. ಒಳಗಿನ ಬೆಲೋಸ್ (ಬಿಸಿಗೆ ಹಿಗ್ಗಿ ಟ್ರ್ಯಾಪನ್ನು ಮುಚ್ಚುವ ಭಾಗ) ತೆಗೆದು ಕುದಿಯುವ ನೀರಿನಲ್ಲಿ ಅದ್ದಿದರೆ ಅದು ಹಿಗ್ಗಬೇಕು, ತಣ್ಣೀರಿನಲ್ಲಿ ಕುಗ್ಗಬೇಕು. ಹಿಗ್ಗದಿದ್ದರೆ ಟ್ರ್ಯಾಪ್ ಮುಚ್ಚುತ್ತಿರಲಿಲ್ಲ, ಕುಗ್ಗದಿದ್ದರೆ ತೆರೆಯುತ್ತಿರಲಿಲ್ಲ. ಟಾರ್ಚ್ ಹಿಡಿದು ಸೀಟನ್ನೂ (ಮುಚ್ಚುವಾಗ ಬೆಲೋಸ್ ಒತ್ತಿ ಕೂರುವ ಜಾಗವನ್ನೂ) ನೋಡುತ್ತೇವೆ: ಕೂದಲೆಳೆಯಷ್ಟು ಗೀರು ಬಿದ್ದಿದ್ದರೂ ಹೊಸ ಬೆಲೋಸ್ ಹಾಕಿ ಪ್ರಯೋಜನವಿಲ್ಲ, ಸೀಟೂ ಬದಲಾಗಬೇಕು.

ಮೇನ್ ಪೈಪಿನ ಕೊನೆಯ ಫ್ಲೋಟ್ ಟ್ರ್ಯಾಪನ್ನೂ ಬಿಡುವುದಿಲ್ಲ. ಅದರ ಫ್ಲೋಟ್ ನೀರು ಬಿಡುತ್ತದೆ, ಗಾಳಿ ಬಿಡುವುದು ಮೇಲಿನ ಥರ್ಮೋಸ್ಟಾಟಿಕ್ ಭಾಗ. ಅದು ಮುಚ್ಚಿಕೊಂಡು ಕೂತರೆ ನೀರು ಸರಾಗವಾಗಿ ಹರಿಯುತ್ತಿದ್ದರೂ ದೂರದ ಕೋಣೆಗಳಿಗೆ ಆವಿ ತಡವಾಗಿ ತಲುಪುತ್ತದೆ.

ಇದಕ್ಕೆ ಎರಡು ಭೇಟಿ ಬೇಕು: ಮೊದಲನೆಯದು ಹೀಟಿಂಗ್ ಓಡುವಾಗ, ಎರಡನೆಯದು ನಿಲ್ಲಿಸಿದಾಗ. ದೂರಿಲ್ಲದ ಕೋಣೆಗಳ ಬಾಗಿಲನ್ನೂ ಆ ಎರಡೂ ದಿನ ತೆರೆಸಿಡಿ. ಅಷ್ಟರೊಳಗೆ ಕಂಡೆನ್ಸೇಟ್ ಟ್ಯಾಂಕಿನ (ಆವಿ ತಣಿದು ಆದ ನೀರು ಸೇರುವ ತೊಟ್ಟಿಯ) ವೆಂಟ್ ಪೈಪಿನಿಂದ ಒಂದೇ ಸಮನೆ ಆವಿ ಬರುವುದು ಕಂಡರೆ, ಅಥವಾ ರಿಟರ್ನ್ ಪೈಪಿನಲ್ಲಿ ಸುತ್ತಿಗೆ ಬಡಿದಂಥ ಸದ್ದು ಕೇಳಿದರೆ, ಯಾವ ಹೊತ್ತಿನಲ್ಲಿ, ಎಲ್ಲಿ ಎಂದು ಬರೆದಿಟ್ಟುಕೊಂಡು ನಮಗೆ ಕರೆ ಮಾಡಿ.