ಮೊದಲು ಒಂದು ಲೋಟ ನೀರು ಕೇಳು

ಪ್ರೀತಿಯ ಮಂಜು,

ನಿನಗೂ ಪ್ರೊಬೇಷನ್ ಆಫೀಸರ್ ಪೋಸ್ಟಿಂಗ್ ಆಯ್ತು ಅಂತ ಕೇಳಿ ತುಂಬಾ ಖುಷಿಯಾಯಿತು. ನಾನು ಈ ಕೆಲಸಕ್ಕೆ ಬಂದು 11 ವರ್ಷ. ಒಂದು ಮಾತು ಹೇಳಲೇಬೇಕು ಅನಿಸಿತು.

ನಮ್ಮ ಕೆಲಸಕ್ಕೆ ಆಧಾರವಾದ 1958ರ ಅಪರಾಧಿಗಳ ಪ್ರೊಬೇಷನ್ ಕಾಯ್ದೆ ತೆಳ್ಳಗಿದೆ, ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. ತಪ್ಪು ಮಾಡಿದವನನ್ನು ಜೈಲಿಗೆ ಕಳಿಸದೆ, 3 ವರ್ಷದವರೆಗೆ ಒಳ್ಳೆಯ ನಡತೆಯಿಂದ ಇರುತ್ತೇನೆ ಅಂತ ಬಾಂಡ್ (ಮುಚ್ಚಳಿಕೆ) ಬರೆಸಿಕೊಂಡು ಕೋರ್ಟು ಬಿಡಬಹುದು. ನಿನ್ನ ನಿಗಾದಲ್ಲಿ ಇಟ್ಟರೆ 1 ವರ್ಷವಾದರೂ ಇಡಬೇಕು. ಬೇಕಾದಾಗ ಅವನಿಗೆ ಕೆಲಸ ಹುಡುಕಿಕೊಡುವ ಪ್ರಯತ್ನವೂ ನಿನ್ನದೇ, 14ನೇ ಕಲಮು ನೋಡು. ಬ್ರಿಟನ್ನಿನ 1907ರ ಪ್ರೊಬೇಷನ್ ಕಾಯ್ದೆಯಲ್ಲಿ ಅವನ ಜೊತೆ ಸ್ನೇಹದಿಂದಿರಬೇಕು ಅಂತಲೂ ಬರೆದಿತ್ತು. ನಮ್ಮದರಲ್ಲಿ ಆ ಮಾತಿಲ್ಲ. ಇರಬೇಕಿತ್ತು.

ಒಬ್ಬ ಹುಡುಗನ ವಿಷಯ ಹೇಳುತ್ತೇನೆ, ಗುರುತು ಸಿಗದ ಹಾಗೆ. 19 ವರ್ಷ, ಬೈಕ್ ಕದ್ದ ಕೇಸು. ಮೊದಲ ಸಲ ಫೈಲು ಹಿಡಿದು ಅವನ ಮನೆ ಬಾಗಿಲಲ್ಲೇ ನಿಂತು ಪ್ರಶ್ನೆ ಕೇಳಿದೆ. ಅಕ್ಕಪಕ್ಕದವರೆಲ್ಲ ನೋಡುತ್ತಿದ್ದರು. ಅವನ ತಾಯಿ ನೀರು ತಂದರೆ ಬೇಡ ಅಂದೆ. ಆ ಹುಡುಗ ತಲೆ ಎತ್ತಲೇ ಇಲ್ಲ.

ಮುಂದಿನ ಸಲ ಫೈಲು ಬ್ಯಾಗಿನಲ್ಲೇ ಇತ್ತು. ಒಳಗೆ ಹೋಗಿ ಚಾಪೆ ಮೇಲೆ ಕೂತು ನಾನೇ ನೀರು ಕೇಳಿದೆ. ಮೂಲೆಯಲ್ಲಿ ಅವನು ಮಿಕ್ಸಿ ಬಿಚ್ಚಿಟ್ಟುಕೊಂಡು ತಾಮ್ರದ ತಂತಿ ಸುತ್ತುತ್ತಿದ್ದ. ಬೆರಳು ಎಷ್ಟು ಚುರುಕು ಅಂತೀಯ! ಅಲ್ಲಿಂದ ಮಾತು ಶುರುವಾಯಿತು. ಮುಂದಿನ ತಿಂಗಳು ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ.

ಆದರೆ ಅವತ್ತೇ ಇನ್ನೊಂದು ಮಾತನ್ನೂ ಹೇಳಿದ್ದೆ. "ನೋಡಪ್ಪ, ನೀನು ಹೇಳಿದ್ದನ್ನೆಲ್ಲ ಮುಚ್ಚಿಡೋಕೆ ನನ್ನಿಂದ ಆಗಲ್ಲ. ಷರತ್ತು ಮುರಿದರೆ ಕೋರ್ಟಿಗೆ ಬರೀತೀನಿ. ಬರೆಯೋ ಮೊದಲು ನಿನಗೆ ಹೇಳ್ತೀನಿ." ಸ್ನೇಹದ ಹೆಸರಲ್ಲಿ ಇದನ್ನು ಹೇಳದೆ ಇರಬೇಡ ಮಂಜು. ಆಮೇಲೆ ವರದಿ ನೋಡಿದಾಗ ಬೆನ್ನಿಗೆ ಚೂರಿ ಹಾಕಿದರು ಅನಿಸುತ್ತೆ ಅವರಿಗೆ. ಒಮ್ಮೆ ಹೋದ ನಂಬಿಕೆ ವಾಪಸ್ ಬರಲ್ಲ.

ಆರು ತಿಂಗಳಾದ ಮೇಲೆ ಹೇಳದೆ ಕೇಳದೆ ಎರಡು ವಾರ ಊರು ಬಿಟ್ಟ. ವಾಪಸ್ ಬಂದವನು ಸೀದಾ ನನ್ನ ಟೇಬಲ್ ಮುಂದೆ ನಿಂತ. "ಬರೀತೀರ ಅಲ್ವಾ ಸರ್?" ಅಂದ. ಬರೆಯುತ್ತೇನೆ ಅಂದೆ. ಅವನ ಎದುರಿಗೇ ಬರೆದೆ, ಓದಿಯೂ ಹೇಳಿದೆ. ಮೊದಲ ತಪ್ಪು ಅಂತ ಕೋರ್ಟು 50 ರೂಪಾಯಿ ದಂಡ ಹಾಕಿ ಬಾಂಡ್ ಮುಂದುವರಿಸಿತು. ಕಾಯ್ದೆಯಲ್ಲಿ ಅದಕ್ಕೆ ಅಷ್ಟೇ ಮಿತಿ.

ಸಂಬಳದ ದುಡ್ಡಲ್ಲೇ ದಂಡ ಕಟ್ಟಿದ. ಸಂಜೆ ರಸೀದಿ ತಂದು ತೋರಿಸಿದ, ಕೈಯಲ್ಲಿ ಇನ್ನೂ ಅಂಗಡಿಯ ವಾರ್ನಿಷ್ ವಾಸನೆ.

ನಿನ್ನ,
ಗೆಳೆಯ