ಸೇತುವೆ ಬೇಕಿರಲಿಲ್ಲ ಕಣೋ

ಪ್ರೀತಿಯ ರಘು,

ನ್ಯೂಯಾರ್ಕಿನಿಂದ ನೀನು ಕಳಿಸಿದ ಫೋಟೋ ನೋಡಿದೆ. ಮೆಟ್ ಮ್ಯೂಸಿಯಮ್ಮಿನಲ್ಲಿರೋ, ಜಪಾನಿನ ಚಿತ್ರಕಾರ ಒಗಾತಾ ಕೋರಿನ್ ಐರಿಸ್ ಹೂಗಳನ್ನು ಬರೆದ, ಮಡಿಚಿ ನಿಲ್ಲಿಸುವ ಆ ಚಿನ್ನದ ಪರದೆಗಳು ಚೆಂದವೇ, ಇಲ್ಲ ಅನ್ನೋದಿಲ್ಲ. ಆದರೆ ಹೂಗಳ ನಡುವೆ ಹಾದುಹೋಗುವ ಸೇತುವೆಯಿಂದಲೇ ಚಿತ್ರಕ್ಕೆ ಜೀವ ಬಂತು ಅಂತ ಬರೆದಿದ್ದೀಯಲ್ಲ, ಅಲ್ಲಿ ನನ್ನ ತಕರಾರಿದೆ.

ಅದೇ ಕೋರಿನ್ ಅದಕ್ಕೂ ಕೆಲವು ವರ್ಷ ಮೊದಲು, 18ನೇ ಶತಮಾನ ಶುರುವಾಗುವ ಹೊತ್ತಿಗೆ, ಇದೇ ಐರಿಸ್ ಹೂಗಳನ್ನು ಇನ್ನೊಂದು ಜೋಡಿ ಪರದೆಯ ಮೇಲೆ ಬರೆದಿದ್ದ. ಅದು ಇಲ್ಲಿ ಟೋಕಿಯೋದ ನೆಝು ಮ್ಯೂಸಿಯಮ್ಮಿನಲ್ಲಿದೆ. ಆರಾರು ಮಡಿಕೆಯ ಎರಡು ಪರದೆ, ಬಿಡಿಸಿಟ್ಟರೆ ಒಂದೊಂದೂ ಸುಮಾರು 3.4 ಮೀಟರ್ ಉದ್ದ. ಅಷ್ಟುದ್ದಕ್ಕೂ ನೀಲಿ ಹೂ, ಹಸಿರು ಎಲೆ, ಚಿನ್ನ. ಮುಗೀತು. ನೀರಿಲ್ಲ, ದಡವಿಲ್ಲ, ಆಕಾಶವಿಲ್ಲ. ಬಲಗಡೆ ಗಿಡಗಳ ಬುಡ ಕಾಣುತ್ತದೆ, ಎಡಗಡೆ ಬುಡವೂ ಪರದೆಯ ಅಂಚಿನಾಚೆ ಹೋಗಿಬಿಟ್ಟಿದೆ. ಆದರೂ ನಿಂತು ನೋಡಿದರೆ ಕೆಳಗೆ ನೀರಿದೆ ಅಂತ ಕಣ್ಣು ತಾನಾಗಿ ನಂಬುತ್ತದೆ. ಚಿನ್ನವೇ ಕೊಳ, ಚಿನ್ನವೇ ಗಾಳಿ.

ಸೇತುವೆ ಎಲ್ಲಿಂದ ಬಂತು ಅಂದರೆ, 'ಇಸೆ ಮೊನೊಗತಾರಿ' ಎಂಬ ಹಳೆಯ ಕೃತಿಯಿಂದ. ರಾಜಧಾನಿ ಬಿಟ್ಟು ಪೂರ್ವಕ್ಕೆ ಹೊರಟವನೊಬ್ಬ ಯಾತ್ಸುಹಾಶಿ, ಅಂದರೆ 'ಎಂಟು ಸೇತುವೆ', ಎಂಬಲ್ಲಿ ಐರಿಸ್ ಅರಳಿದ್ದನ್ನು ಕಂಡು, ಬಿಟ್ಟುಬಂದ ಹೆಂಡತಿಯನ್ನು ನೆನೆದು ಪದ್ಯ ಕಟ್ಟುತ್ತಾನೆ. ಜೊತೆಯವರ ಕಣ್ಣೀರು ಬಿದ್ದು ಬುತ್ತಿಯ ಒಣ ಅನ್ನವೇ ನೆನೆದು ಉಬ್ಬಿತಂತೆ! ಈ ಕಥೆ ಓದಿಕೊಂಡವರಿಗೆ ಬರೀ ಹೂ ತೋರಿಸಿದರೆ ಸಾಕಲ್ಲವೇನೋ? ಸೇತುವೆ, ಪಯಣಿಗ, ಹೆಂಡತಿ ಎಲ್ಲ ಅವರ ಮನಸ್ಸಿನಲ್ಲೇ ಇದ್ದರು. ಮೆಟ್‌ನ ಪರದೆಯಲ್ಲಿ ಕೋರಿನ್ ಆ ಸುಳಿವನ್ನು ಬಾಯಿಬಿಟ್ಟು ಹೇಳಿಬಿಟ್ಟ ಅನ್ನೋದೇ ನನ್ನ ದೂರು.

ಇನ್ನೊಂದು ವಿಷಯ. ನೆಝು ಪರದೆಯಲ್ಲಿ ಕೆಲವು ಹೂಗೊಂಚಲು ಮತ್ತೆ ಮತ್ತೆ ಅದೇ ಆಕಾರದಲ್ಲಿ ಬರುತ್ತವೆ. ಬಟ್ಟೆಗೆ ಚಿತ್ತಾರ ಹಾಕುವವರ ಹಾಗೆ ಅಚ್ಚು ಕತ್ತರಿಸಿಟ್ಟುಕೊಂಡು ಮಾಡಿದ್ದು ಅನ್ನುತ್ತಾರೆ. ಕೋರಿನ್‌ನ ಮನೆಯವರದು ಕ್ಯೋಟೋದಲ್ಲಿ ಕಿಮೊನೋ ಬಟ್ಟೆಯ ದೊಡ್ಡ ವ್ಯಾಪಾರ. ಅಪ್ಪನ ಆಸ್ತಿ ಕರಗಿಸಿದ, ಅಂಗಡಿಯಲ್ಲಿ ಪಳಗಿದ ಕಣ್ಣನ್ನು ಮಾತ್ರ ಉಳಿಸಿಕೊಂಡ.

ಪರದೆಯನ್ನು ಅಂಕುಡೊಂಕಾಗಿ ನಿಲ್ಲಿಸುವುದರಿಂದ ಒಂದು ಮಡಿಕೆ ಹೊಳೆದರೆ ಪಕ್ಕದ್ದು ಕಂದುತ್ತದೆ. ನೀನು ನಾಲ್ಕು ಹೆಜ್ಜೆ ನಡೆದರೆ ಹೊಳಪೂ ಜಾಗ ಬದಲಿಸುತ್ತದೆ. ಚೌಕ ಚಿನ್ನದ ರೇಕುಗಳು ಒಂದರ ಮೇಲೊಂದು ಅಂಚು ಕೂತ ಕಡೆ ತೆಳುವಾದ ಗೆರೆ ಬೇರೆ. ಇದ್ಯಾವುದೂ ಫೋಟೋದಲ್ಲಿ ಬರೋದಿಲ್ಲ. ಅದರಲ್ಲೂ ನೆಲದ ಮೇಲೆ ಕೂತು ನೋಡುವವರಿಗಾಗಿ ಮಾಡಿದ್ದನ್ನು ನೀನು ನಿಂತು ತೆಗೆದಿದ್ದೀಯ.

2012ರಲ್ಲಿ ಎರಡೂ ಜೋಡಿಗಳನ್ನು ನೆಝುದಲ್ಲಿ ಒಟ್ಟಿಗೆ ಇಟ್ಟಿದ್ದರು. ಆಗ ನಾವಿಬ್ಬರೂ ಇದ್ದಿದ್ದರೆ ಅಲ್ಲೇ ಜಗಳ ತೀರಿಸಬಹುದಿತ್ತು. ಇಲ್ಲಿನದನ್ನು ವಸಂತದಲ್ಲಿ, ಮ್ಯೂಸಿಯಮ್ಮಿನ ತೋಟದ ಐರಿಸ್ ಅರಳುವ ಹೊತ್ತಿಗೆ, ಕೆಲವೇ ವಾರ ಹೊರಗಿಡುತ್ತಾರೆ. ಏಪ್ರಿಲ್ ಕೊನೆಗೆ ರಜೆ ಹಾಕು. ಅಷ್ಟರೊಳಗೆ ಮತ್ತೆ ಮೆಟ್‌ಗೆ ಹೋದರೆ, ಮಂಡಿಯೂರಿ ಕೂತು ಇನ್ನೊಂದು ಫೋಟೋ ತೆಗೆದು ಕಳಿಸು. ಕಾವಲಿನವರು ಏನಾದರೂ ಅಂದುಕೊಳ್ಳಲಿ.

ನಿನ್ನ,
ಶ್ರೀಧರ