ಭಾನುವಾರ ಪಿಂಕ್ ಫ್ಲಾಯ್ಡ್ ಕೇಳೋಣ

ಗೆಳೆಯರೇ, ಈ ಭಾನುವಾರ ಸಂಜೆ 5ಕ್ಕೆ ಸರಸ್ವತೀಪುರಂನ ನಮ್ಮ ಮನೆ ಮಹಡಿಯಲ್ಲಿ ‘ದಿ ಎಂಡ್‌ಲೆಸ್ ರಿವರ್’ ಹಾಕ್ತೀನಿ. 2014ರಲ್ಲಿ ಬಂದ, ಬ್ರಿಟನ್ನಿನ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ ಕೊನೆಯ ಆಲ್ಬಮ್ ಅದು.

ತಂಡ ಕಟ್ಟಿದವರಲ್ಲಿ ಒಬ್ಬರಾದ ಕೀಬೋರ್ಡ್ ವಾದಕ ರಿಚರ್ಡ್ ರೈಟ್ 2008ರ ಸೆಪ್ಟೆಂಬರ್ 15ರಂದು ತೀರಿಕೊಂಡರು. 1993-94ರಲ್ಲಿ ರೈಟ್, ಗಿಟಾರ್ ವಾದಕ ಡೇವಿಡ್ ಗಿಲ್ಮರ್, ಡ್ರಮ್ಸ್ ವಾದಕ ನಿಕ್ ಮೇಸನ್ ಮೂವರೂ ಕೂತು ನುಡಿಸಿ, ಬಳಸದೆ ಉಳಿದಿದ್ದ ಧ್ವನಿಮುದ್ರಣಗಳನ್ನು ಗಿಲ್ಮರ್ ಮತ್ತು ಮೇಸನ್ ಮತ್ತೆ ತೆಗೆದು, ತಮ್ಮ ಗಿಟಾರ್, ಡ್ರಮ್ಸ್ ಸೇರಿಸಿ ಈ ಆಲ್ಬಮ್ ಮಾಡಿದರು. ಹೋದವರ ಜೊತೆ ಕೂತು ನುಡಿಸಿದ ಹಾಗೆ. ಸಾಹಿತ್ಯವಿರುವ ಪೂರ್ತಿ ಹಾಡು ಅಂತ ಇರೋದು ಕೊನೆಯದು ಮಾತ್ರ, ಹಾಗಾಗಿ ಹಾಡಿಗಾಗಿ ಕಾಯಬೇಡಿ, ಕೀಬೋರ್ಡ್ ಕಡೆ ಕಿವಿ ಕೊಡಿ.

‘ಆಟಮ್ 68’ ಅನ್ನೋ ಪುಟ್ಟ ತುಣುಕು ಬಂದಾಗ ದಯವಿಟ್ಟು ಯಾರೂ ಮಾತಾಡಬೇಡಿ. 1969ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನ ಪೈಪ್ ಆರ್ಗನ್ ಮುಂದೆ ಕೂತು ರೈಟ್ ನುಡಿಸಿದ್ದು. ಇಪ್ಪತ್ತೈದರ ಹರೆಯದ ಹುಡುಗನ ಬೆರಳು, ಅಷ್ಟು ದೊಡ್ಡ ವಾದ್ಯ. ನನಗಂತೂ ಪ್ರತಿ ಸಲ ಗಂಟಲು ಕಟ್ಟುತ್ತೆ.

ಎರಡು ಎಲ್‌ಪಿ (ದೊಡ್ಡ ಗ್ರಾಮಫೋನ್ ತಟ್ಟೆ), ನಾಲ್ಕು ಬದಿ. ಬದಿ ತಿರುಗಿಸುವಾಗ ಕಾಫಿ. ಬರೋರು ಶನಿವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ, ಚಾಪೆ ಹೊಂದಿಸಬೇಕು.